‘ಯೂಸರ್ಸ್’ ಅಂದರೆ ಯಾರು? ಏಜೆಂಟ್‌ಗೆ ಟೂಲ್ ವಿವರಣೆ ಬರೆಯುವಾಗ ನಾನು ಎಡವಿದ ಜಾಗ

ಭಾನುವಾರ ಇಡೀ ದಿನ ತಿಂದ ವಿಷಯ ಇದು, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಎಂಸಿಪಿ ಸರ್ವರ್ (ಎಐ ಏಜೆಂಟ್‌ಗೆ ಟೂಲ್‌ಗಳನ್ನು ಒದಗಿಸುವ ಪ್ರೋಗ್ರಾಂ) ಓಡಿಸುವುದು, ಗೂಗಲ್ ಕ್ಲೌಡ್‌ನಲ್ಲಿ ಲಾಗಿನ್ ಆಗುವುದು ನಿಮಗೆ ಗೊತ್ತು ಅಂದುಕೊಂಡು ಬಿಟ್ಟಿದ್ದೇನೆ.

ಅಭ್ಯಾಸಕ್ಕೆ ತೆಗೆದುಕೊಂಡದ್ದು ಬಸವನಗುಡಿಯ ನಮ್ಮ ಚಿಕ್ಕಮ್ಮನ ಹೋಳಿಗೆ ಆರ್ಡರ್ ಲೆಕ್ಕ. ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ (ಗೂಗಲ್‌ನ ಡೇಟಾಬೇಸ್ ಸೇವೆ) ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದರೊಳಗೆ ‘ಯೂಸರ್ಸ್’ ಅನ್ನೋ ಟೇಬಲ್, ಅದರಲ್ಲಿ ಗಿರಾಕಿಗೊಂದರಂತೆ 312 ಸಾಲು. ಏಜೆಂಟ್‌ಗೆ, ಅಂದರೆ ನಮ್ಮ ಪ್ರಶ್ನೆ ಓದಿ ತಾನೇ ಟೂಲ್ ಆರಿಸಿ ಓಡಿಸುವ ಎಐಗೆ, ಎರಡು ಟೂಲ್ ಕೊಟ್ಟಿದ್ದೆ. ಒಂದು ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಓಡಿಸುವುದು. ಇನ್ನೊಂದು ‘ಲಿಸ್ಟ್_ಯೂಸರ್ಸ್’. ಅದಕ್ಕೆ ಬರೆದ ವಿವರಣೆ ಒಂದೇ ಸಾಲು: “ಡೇಟಾಬೇಸ್‌ನ ಯೂಸರ್‌ಗಳನ್ನು ಪಟ್ಟಿ ಮಾಡುತ್ತದೆ.”

ಚಿಕ್ಕಮ್ಮನ ಎದುರು ಜಂಬದಿಂದ ಟೈಪ್ ಮಾಡಿದೆ: “ನಮಗೆ ಎಷ್ಟು ಯೂಸರ್ಸ್ ಇದ್ದಾರೆ?” ಉತ್ತರ ಬಂತು: 4.

“ನಾಲ್ಕೇನಾ? ನಿಮ್ಮತ್ತೆ ಬಿಲ್ಡಿಂಗ್‌ನಲ್ಲೇ ಹತ್ತು ಮನೆಯವರು ತಗೋತಾರಲ್ಲೋ!” ಅಂದರು.

ಎರಡು ಥರದ ಯೂಸರ್

ಏಜೆಂಟ್ ಸುಳ್ಳು ಹೇಳಿರಲಿಲ್ಲ. ಆ ನಾಲ್ಕು ಯಾರು ಅಂತ ನೋಡಿದೆ: ‘ಪೋಸ್ಟ್‌ಗ್ರೆಸ್’ ಅನ್ನೋ ಡೀಫಾಲ್ಟ್ ಯೂಸರ್, ಆ್ಯಪ್ ಬಳಸುವ ಒಂದು ಅಕೌಂಟ್, ನನ್ನ ಐಎಎಂ ಅಕೌಂಟ್ (ಗೂಗಲ್ ಕ್ಲೌಡ್ ಲಾಗಿನ್), ಒಂದು ಸರ್ವಿಸ್ ಅಕೌಂಟ್ (ಮನುಷ್ಯರಿಗಲ್ಲ, ಪ್ರೋಗ್ರಾಂಗೆ). ಅಂಗಡಿಯ ಬೀಗದ ಕೈ ಇರುವವರು ಬೇರೆ, ಅಂಗಡಿಗೆ ಬರುವ ಗಿರಾಕಿಗಳು ಬೇರೆ, ಅಲ್ವಾ? ನಾನು ಗಿರಾಕಿ ಲೆಕ್ಕ ಕೇಳಿದೆ, ಅದು ಬೀಗದ ಕೈ ಲೆಕ್ಕ ಕೊಟ್ಟಿತು. ಎರಡಕ್ಕೂ ನಾನೇ ‘ಯೂಸರ್ಸ್’ ಅಂತ ಹೆಸರಿಟ್ಟಿದ್ದೆ.

ಪೋಸ್ಟ್‌ಗ್ರೆಸ್ ಓದಿದವರಿಗೆ ಇಲ್ಲಿ ಇನ್ನೊಂದು ಗಂಟು. 2005ರಲ್ಲಿ ಬಂದ 8.1 ಆವೃತ್ತಿಯಿಂದ ಅದರಲ್ಲಿ ಯೂಸರ್, ಗ್ರೂಪ್ ಎರಡೂ ಸೇರಿ ‘ರೋಲ್’ ಆಗಿವೆ. ‘ಕ್ರಿಯೇಟ್ ಯೂಸರ್’ ಅಂದರೆ ಲಾಗಿನ್ ಇರುವ ರೋಲ್ ಮಾಡುವುದು, ಅಷ್ಟೇ. ಹಾಗಾಗಿ ಯಾರಾದರೂ “ರೋಲ್ ಯಾವುದಿದೆ” ಅಂತ ಕೇಳಿದರೂ ಇದೇ ಟೂಲ್ ಹತ್ತಿರ ಬರಬಹುದು.

ಒಂದು ಮಜಾ ನೋಡಿ. ಅದೇ ಏಜೆಂಟ್‌ಗೆ “ಗಿರಾಕಿಗಳು ಎಷ್ಟು ಜನ?” ಅಂತ ಕೇಳಿದಾಗ ಸೀದಾ ಎಸ್‌ಕ್ಯೂಎಲ್ ಓಡಿಸಿ 312 ಅಂದಿತು. ಪದ ಬೇರೆಯಾದ ಕೂಡಲೇ ದಾರಿಯೂ ಬೇರೆಯಾಯಿತು. ಅಂದರೆ ಜನ ಯಾವ ಪದದಲ್ಲಿ ಕೇಳುತ್ತಾರೋ ಆ ಪದ ವಿವರಣೆಯಲ್ಲಿ ಇರಬೇಕು, ‘ಇದಕ್ಕೆ ಈ ಟೂಲ್ ಅಲ್ಲ’ ಅನ್ನುವುದಕ್ಕಾದರೂ ಇರಬೇಕು.

ನಾನು ಅರ್ಧ ಗಂಟೆ ಸುಮ್ನೆ ಕಳೆದದ್ದು

ಸರಿ, ತಿದ್ದೋಣ ಅಂತ ಫಂಕ್ಷನ್ ಒಳಗೆ ಹ್ಯಾಶ್ ಹಾಕಿ ಉದ್ದಕ್ಕೆ ಕಾಮೆಂಟ್ ಬರೆದೆ. ಸರ್ವರ್ ನಿಲ್ಲಿಸಿ ಮತ್ತೆ ಓಡಿಸಿದೆ. ಅದೇ 4. ಕಾಮೆಂಟ್ ಇನ್ನೂ ಉದ್ದ ಮಾಡಿದೆ. ಅದೇ 4. ಚಿಕ್ಕಮ್ಮ ಕೊಟ್ಟ ಕಾಫಿ ಆರಿಹೋಯಿತು.

ಏಜೆಂಟ್‌ನ ಹಿಂದಿರುವ ಎಐ ಮಾಡೆಲ್ ನಮ್ಮ ಕೋಡ್ ಓದುವುದೇ ಇಲ್ಲ! ಅದರ ಕಣ್ಣಿಗೆ ಬೀಳುವುದು ಮುಖ್ಯವಾಗಿ ಮೂರು: ಟೂಲ್‌ನ ಹೆಸರು, ವಿವರಣೆ, ಮತ್ತು ಇನ್‌ಪುಟ್ ಸ್ಕೀಮಾ, ಅಂದರೆ ಏನೇನು ಕೊಡಬೇಕು ಅಂತ ಜೇಸನ್‌ನಲ್ಲಿ ಬರೆದ ಪಟ್ಟಿ. ಪೈಥಾನ್‌ನಲ್ಲಿ ಫಾಸ್ಟ್‌ಎಂಸಿಪಿ ಲೈಬ್ರರಿ ಬಳಸಿದರೆ ಅದು ಫಂಕ್ಷನ್‌ನ ಡಾಕ್‌ಸ್ಟ್ರಿಂಗ್ (ಶುರುವಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆಯುವ ವಿವರಣೆ) ಎತ್ತಿಕೊಂಡು ಅದನ್ನೇ ವಿವರಣೆ ಮಾಡುತ್ತದೆ. ಹ್ಯಾಶ್ ಕಾಮೆಂಟ್ ಅಲ್ಲೇ ಉಳಿಯುತ್ತದೆ. ನಾನು ಬರೆದದ್ದೆಲ್ಲ ಗೋಡೆಯ ಆಚೆ ಕಡೆ ಅಂಟಿಸಿದ ಚೀಟಿ.

ಅದನ್ನೇ ಡಾಕ್‌ಸ್ಟ್ರಿಂಗ್‌ಗೆ ಎತ್ತಿ ಹಾಕಿದೆ, ಜೊತೆಗೆ ಹೆಸರನ್ನೂ ‘ಲಿಸ್ಟ್_ಡೇಟಾಬೇಸ್_ಅಕೌಂಟ್ಸ್’ ಅಂತ ಬದಲಿಸಿದೆ. ಈಗ ಇರುವ ವಿವರಣೆ:

“ಒಂದು ಕ್ಲೌಡ್ ಎಸ್‌ಕ್ಯೂಎಲ್ ಇನ್‌ಸ್ಟನ್ಸ್‌ಗೆ ಲಾಗಿನ್ ಆಗಬಲ್ಲ ಅಕೌಂಟ್‌ಗಳ ಪಟ್ಟಿ ಕೊಡುತ್ತದೆ. ಯಾರಿಗೆ ಡೇಟಾಬೇಸ್ ಪ್ರವೇಶ ಇದೆ ಅಂತ ಕೇಳಿದಾಗ ಬಳಸಿ. ಗಿರಾಕಿಗಳು, ಆ್ಯಪ್‌ನ ಯೂಸರ್‌ಗಳು, ಆರ್ಡರ್ ಕೊಟ್ಟವರ ಲೆಕ್ಕಕ್ಕೆ ಇದನ್ನು ಬಳಸಬೇಡಿ. ಅದಕ್ಕೆ ಎಸ್‌ಕ್ಯೂಎಲ್ ಟೂಲ್‌ನಿಂದ ‘ಯೂಸರ್ಸ್’ ಟೇಬಲ್ ನೋಡಿ. ಪಾಸ್‌ವರ್ಡ್ ಸಿಗುವುದಿಲ್ಲ. ‘ಯೂಸರ್’ ಅಂದರೆ ಯಾವುದು ಅಂತ ಸ್ಪಷ್ಟವಿಲ್ಲದಿದ್ದರೆ ಮೊದಲು ಕೇಳಿ.”

ನನ್ನ ಪ್ರಕಾರ ಇದರಲ್ಲಿ ಜಾಸ್ತಿ ಕೆಲಸ ಮಾಡಿದ್ದು ‘ಬಳಸಬೇಡಿ’ ಅನ್ನೋ ವಾಕ್ಯ. ಬರೀ ‘ಬೇಡ’ ಅಂದರೆ ಸಾಲದು, ಎಲ್ಲಿಗೆ ಹೋಗಬೇಕು ಅಂತಲೂ ಹೇಳಬೇಕು.

ಇನ್‌ಸ್ಟನ್ಸ್ ಅನ್ನೋ ಖಾನೆ

ಬೆಂಗಳೂರಿನಲ್ಲಿ ಆಟೋದವರಿಗೆ ಬರೀ “6ನೇ ಕ್ರಾಸ್” ಅಂದರೆ ಆಗುತ್ತಾ? ಯಾವ ಬ್ಲಾಕ್, ಯಾವ ಮೇನ್ ಅಂತಾರೆ. ಈ ಟೂಲ್‌ಗೂ ಯಾವ ಇನ್‌ಸ್ಟನ್ಸ್ (ಕ್ಲೌಡ್‌ನಲ್ಲಿ ಓಡುವ ಒಂದು ಡೇಟಾಬೇಸ್ ಸರ್ವರ್) ಅಂತ ಹೇಳಬೇಕು. ಆದರೆ ಇಲ್ಲಿ ತೊಂದರೆ ಉಲ್ಟಾ: ಏಜೆಂಟ್ ಪೂರ್ತಿ ವಿಳಾಸ ಕೊಟ್ಟುಬಿಡುತ್ತದೆ. ಕನೆಕ್ಷನ್ ಹೆಸರಿನಲ್ಲಿ ಪ್ರಾಜೆಕ್ಟ್, ರೀಜನ್, ಇನ್‌ಸ್ಟನ್ಸ್ ಮೂರೂ ಕೋಲನ್ ಹಾಕಿ ಸೇರಿರುತ್ತವೆ. ಆದರೆ ಯೂಸರ್ ಪಟ್ಟಿ ಕೊಡುವ ಎಪಿಐ (ಟೂಲ್ ಒಳಗಿಂದ ಕರೆಯುವ ಗೂಗಲ್‌ನ ಸೇವೆ) ಕೇಳುವುದು ಪ್ರಾಜೆಕ್ಟ್ ಬೇರೆ, ಇನ್‌ಸ್ಟನ್ಸ್ ಬೇರೆ. ಸ್ಕೀಮಾದಲ್ಲಿ ಆ ಖಾನೆಯ ಪಕ್ಕ “ಇನ್‌ಸ್ಟನ್ಸ್ ಹೆಸರು ಮಾತ್ರ, ಕೋಲನ್ ಇರಬಾರದು. ಉದಾಹರಣೆ: ಹೋಳಿಗೆ-ಡಿಬಿ” ಅಂತ ಬರೆದೆ. ಸರಿಹೋಯಿತು.

ಪೋಸ್ಟ್‌ಗ್ರೆಸ್ ಬದಲು ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸುವವರು ವಿವರಣೆಗೆ ಒಂದು ಮಾತು ಸೇರಿಸಿಕೊಳ್ಳಿ. ಅಲ್ಲಿ ಅಕೌಂಟ್ ಅಂದರೆ ಹೆಸರು ಮತ್ತು ಹೋಸ್ಟ್ (ಯಾವ ಕಂಪ್ಯೂಟರ್‌ನಿಂದ ಲಾಗಿನ್ ಆಗುತ್ತಾರೆ ಅನ್ನುವುದು) ಎರಡೂ ಸೇರಿ. ಒಂದೇ ಹೆಸರು ಎರಡು ಸಲ ಬಂದರೆ ಅದು ನಕಲು ಅಲ್ಲ, ಎರಡು ಅಕೌಂಟ್. ಹೇಳದಿದ್ದರೆ ಏಜೆಂಟ್ ಒಂದನ್ನು ಎತ್ತಿ ಬಿಸಾಕಬಹುದು.

ವಿವರಣೆಯಲ್ಲಿ “ಓದಲು ಮಾತ್ರ” ಅಂತ ಬರೆದರೆ ಅದು ಬೀಗ ಆಗುವುದಿಲ್ಲ. ಬೀಗ ಬೇಕಿದ್ದರೆ ಎಸ್‌ಕ್ಯೂಎಲ್ ಟೂಲ್ ಲಾಗಿನ್ ಆಗುವ ಅಕೌಂಟ್‌ಗೆ ಡೇಟಾಬೇಸ್‌ನಲ್ಲೇ ಸೆಲೆಕ್ಟ್ (ಓದುವ) ಅನುಮತಿ ಮಾತ್ರ ಕೊಡಿ.

ಸಂಜೆ ಮತ್ತೆ ಓಡಿಸಿದೆ. “ಎಷ್ಟು ಯೂಸರ್ಸ್?” ಅಂದರೆ “ಗಿರಾಕಿಗಳಾ, ಡೇಟಾಬೇಸ್ ಅಕೌಂಟ್‌ಗಳಾ?” ಅಂತ ಕೇಳಿತು. ಖುಷಿಯಾಗಿ ಲ್ಯಾಪ್‌ಟಾಪನ್ನು ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಟೈಪ್ ಮಾಡಿದ್ದು: “ಯುಗಾದಿಗೆ ಎಷ್ಟು ಮನೆ ಇತ್ತು?”

ಮನೆ ಅನ್ನೋ ಕಾಲಂ ನನ್ನ ಟೇಬಲ್‌ನಲ್ಲಿ ಇಲ್ಲವೇ ಇಲ್ಲ. ಏಜೆಂಟ್ ಗಿರಾಕಿಗಳನ್ನು ಎಣಿಸಿ ಕೊಟ್ಟಿತು. ಬರುವ ಭಾನುವಾರ ಎಸ್‌ಕ್ಯೂಎಲ್ ಟೂಲ್‌ನ ವಿವರಣೆ.