ಮಸಾಲೆ ಕಾಫಿ ಕೇಕ್: ಮೇಲಿನ ಕ್ರಂಬ್ ಕರಗದಂತೆ ನೋಡಿಕೊಳ್ಳುವುದು

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಕಾಫಿ ಪುಡಿ ಹಾಕುವುದಿಲ್ಲ. ಕಾಫಿ ಕುಡಿಯುವಾಗ ಜೊತೆಗೆ ತಿನ್ನುವ ಕೇಕ್ ಇದು, ಅಮೆರಿಕದ ಮನೆಗಳ ರೂಢಿ. ಕೊಡಗಿನವರಿಗೆ ಕಾಫಿಗೇನು ಬರ ಹೇಳಿ! ಕೇಕ್ ಭಾಗ ಸುಲಭ. ಕಷ್ಟ ಇರುವುದು ಮೇಲೆ ಉದುರಿಸುವ ಕ್ರಂಬ್‌ನಲ್ಲಿ, ಅಂದರೆ ಮೈದಾ, ಸಕ್ಕರೆ, ಬೆಣ್ಣೆ ಉಜ್ಜಿ ಮಾಡುವ ಪುಡಿಪುಡಿ ಚೂರುಗಳಲ್ಲಿ. ಅದು ಗರಿಗರಿಯಾಗಿ, ಬಿಡಿಬಿಡಿಯಾಗಿ ನಿಲ್ಲಬೇಕು. ಕರಗಿ ಹರಡಿದರೆ ಬರೀ ಸಿಹಿ ಪದರ ಆಗುತ್ತದೆ. ಅದಕ್ಕೇ ಇಲ್ಲಿ ಅದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

8 ಇಂಚಿನ ಚೌಕ ಟಿನ್‌ನ ಕೇಕಿಗೆ ಬೇಕಾಗುವ ಕ್ರಂಬ್‌ಗೆ ಮೈದಾ 120 ಗ್ರಾಂ, ಬ್ರೌನ್ ಶುಗರ್ 80 ಗ್ರಾಂ, ತಣ್ಣಗಿನ ಬೆಣ್ಣೆ 70 ಗ್ರಾಂ, ಚಕ್ಕೆ ಪುಡಿ ಒಂದೂವರೆ ಟೀ ಚಮಚ. ಉಪ್ಪಿರುವ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಬೆಣ್ಣೆ ಯಾಕೆ ತಣ್ಣಗಿರಬೇಕು? ಗಟ್ಟಿ ಬೆಣ್ಣೆ ಹಿಟ್ಟಿನೊಳಗೆ ಸಣ್ಣ ಚೂರುಗಳಾಗಿ ಉಳಿಯುತ್ತದೆ, ಓವನ್‌ನಲ್ಲಿ ಅದು ಪೂರ್ತಿ ಕರಗಿ ಹರಿಯುವ ಮೊದಲೇ ಸುತ್ತಲಿನ ಹಿಟ್ಟು ಬಿಸಿಗೆ ಬಿಗಿಯಾಗುತ್ತದೆ. ಬೆರಳ ತುದಿಯಲ್ಲಷ್ಟೇ ಉಜ್ಜಿ, ಅಂಗೈ ತಾಗಿಸಬೇಡಿ, ಆ ಬಿಸಿಗೇ ಬೆಣ್ಣೆ ಮೆತ್ತಗಾಗುತ್ತದೆ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ತಟ್ಟಿದರೆ ಒಡೆಯಬೇಕು. ಕೆಲವು ಚೂರು ಬಟಾಣಿಯಷ್ಟು, ಕೆಲವು ಹುಡಿ, ಹಾಗಿದ್ದರೇ ಚೆಂದ. ಆಮೇಲೆ 15 ನಿಮಿಷ ಫ್ರೀಜರ್‌ನಲ್ಲಿಡಿ.

ಮನೆಯಲ್ಲೇ ಕಡೆದ ಬೆಣ್ಣೆ ಬಳಸುವವರು ಇದನ್ನು ಗಮನಿಸಿ. ಅದರಲ್ಲಿ ನೀರು ಜಾಸ್ತಿ ಉಳಿದಿರುತ್ತದೆ. ಆ ನೀರಿಗೆ ಸಕ್ಕರೆ ಕರಗುತ್ತದೆ, ಹಿಟ್ಟು ಜಿಗುಟಾಗುತ್ತದೆ, ಕ್ರಂಬ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಚೆನ್ನಾಗಿ ಹಿಂಡಿ, ಫ್ರಿಜ್‌ನಲ್ಲಿ ಗಟ್ಟಿ ಮಾಡಿಯೇ ಬಳಸಿ. ಬ್ರೌನ್ ಶುಗರ್ ಬದಲು ಬೆಲ್ಲದ ಪುಡಿ ಹಾಕಬಹುದು, ಆದರೆ ಮಳೆಗಾಲದಲ್ಲಿ ಅದು ತೇವ ಎಳೆದುಕೊಂಡು ಗಂಟಾಗಿರುತ್ತದೆ, ಆಗ ಬೆಣ್ಣೆ ಸ್ವಲ್ಪ ಕಮ್ಮಿ ಮಾಡಿ.

ಮಸಾಲೆಗೆ ಚಕ್ಕೆಯೇ ಮುಖ್ಯ. ಅದರ ಜೊತೆ ನಮ್ಮ ಏಲಕ್ಕಿ ಬೇಕೇ ಬೇಕು ಅನ್ನುವವಳು ನಾನು. ಸಿಪ್ಪೆ ಬಿಡಿಸಿ ಕಪ್ಪು ಕಾಳನ್ನು ಒಂದು ಚಮಚ ಸಕ್ಕರೆ ಜೊತೆ ಆಗಲೇ ಕುಟ್ಟಿ, ಪುಡಿ ಮಾಡಿಟ್ಟರೆ ಘಮ ಬೇಗ ಹಾರಿಹೋಗುತ್ತದೆ. ಕರಿಮೆಣಸು ಚಿಟಿಕೆ ಸಾಕು, ನುಂಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಬೆಚ್ಚಗಾಗಬೇಕು, ಅಷ್ಟೇ.

ಕೇಕಿಗೆ ಬೆಣ್ಣೆ 100 ಗ್ರಾಂ, ಸಕ್ಕರೆ 140 ಗ್ರಾಂ ನೊರೆಯಾಗುವವರೆಗೆ ತಿರುವಿ, 2 ಮೊಟ್ಟೆ ಒಂದೊಂದಾಗಿ ಸೇರಿಸಿ. ಮೈದಾ 200 ಗ್ರಾಂ, ಬೇಕಿಂಗ್ ಪೌಡರ್ 1 ಟೀ ಚಮಚ, ಸೋಡಾ ಕಾಲು ಟೀ ಚಮಚ ಜರಡಿ ಹಿಡಿದು, ಗಟ್ಟಿ ಮೊಸರು 180 ಗ್ರಾಂ ಜೊತೆ ಬೆರೆಸಿ. ಮೊಸರಿನ ಹುಳಿ ಸೇರಿದರೇ ಸೋಡಾ ಸರಿಯಾಗಿ ಕೆಲಸ ಮಾಡುವುದು. ಹಿಟ್ಟು ಚಮಚದಿಂದ ನಿಧಾನಕ್ಕೆ ಬೀಳುವಷ್ಟು ಗಟ್ಟಿ ಇರಲಿ, ನೀರಾದರೆ ಕ್ರಂಬ್ ತಳಕ್ಕೆ ಮುಳುಗುತ್ತದೆ.

ಮಡಿಕೇರಿಯವರಿಗೆ ಒಂದು ಮಾತು. ಊರು ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಕೇಕಿನೊಳಗಿನ ಗಾಳಿ ಬೇಗ ಉಬ್ಬುತ್ತದೆ. ಬೇಯುವ ಮೊದಲೇ ಉಬ್ಬಿದ ಕೇಕ್ ಮೇಲೆ ಕ್ರಂಬ್ ಭಾರವೂ ಸೇರಿದರೆ ನಡುವೆ ಕುಸಿಯುತ್ತದೆ. ಮಧ್ಯ ಕುಸಿಯುತ್ತಿದ್ದರೆ ಬೇಕಿಂಗ್ ಪೌಡರನ್ನು ಮುಕ್ಕಾಲು ಚಮಚಕ್ಕೆ ಇಳಿಸಿ ನೋಡಿ. ಕುಶಾಲನಗರದ ಕಡೆ ಅಷ್ಟು ಎತ್ತರ ಇಲ್ಲ, ಇದೇ ಅಳತೆ ಸಾಕು.

ಹಿಟ್ಟನ್ನು ಟಿನ್‌ಗೆ ಹಾಕಿ, ಮೇಲೆ ಕ್ರಂಬ್ ಉದುರಿಸಿ, 175 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಓಟಿಜಿಯಲ್ಲಿ (ಮೇಲೆ ಕೆಳಗೆ ರಾಡ್ ಇರುವ ಸಣ್ಣ ಕರೆಂಟ್ ಓವನ್) ಮೊದಲ ಅರ್ಧ ಗಂಟೆ ಕೆಳಗಿನ ರಾಡ್ ಮಾತ್ರ, ಕೊನೆಗೆ ಮೇಲಿನದೂ. ಮೊದಲಿಂದ ಎರಡೂ ಉರಿದರೆ ಕ್ರಂಬ್ ಕಪ್ಪಾಗುತ್ತದೆ, ನಡುವೆ ಹಸಿ ಹಿಟ್ಟು ಹಾಗೇ ಇರುತ್ತದೆ. ಕಡ್ಡಿ ಚುಚ್ಚಿದಾಗ ಕ್ರಂಬ್ ಚೂರು ಅಂಟಿದರೆ ಹೆದರಬೇಡಿ, ಹಸಿ ಹಿಟ್ಟು ಅಂಟಿದೆಯಾ ಅಂತ ಮಾತ್ರ ನೋಡಿ. ಮಳೆಗೆ ಕರೆಂಟ್ ಹೋಯ್ತಾ? ಬಾಗಿಲು ತೆಗೆಯಬೇಡಿ, ಒಳಗಿನ ಬಿಸಿ ಸ್ವಲ್ಪ ಹೊತ್ತು ಬೇಯಿಸುತ್ತಲೇ ಇರುತ್ತದೆ.

ಪೂರ್ತಿ ಆರುವ ಮೊದಲು ಡಬ್ಬಿಗೆ ಹಾಕಬೇಡಿ, ಹಬೆಗೆ ಮೇಲಿನದೆಲ್ಲ ಮೆತ್ತಗಾಗುತ್ತದೆ. ಮಾರನೇ ದಿನ ಹೇಗೂ ಸ್ವಲ್ಪ ತೇವ ಎಳೆದಿರುತ್ತದೆ, 150 ಡಿಗ್ರಿಯಲ್ಲಿ 8–10 ನಿಮಿಷ ಇಟ್ಟರೆ ಮತ್ತೆ ಗರಿಗರಿ. ಮೈಕ್ರೋವೇವ್ ಮಾತ್ರ ಬೇಡ.