11 ಮಿಲಿಗ್ರಾಂ ತಂದ ತಲೆನೋವು

ವಿಜ್ಞಾನದ ಇತಿಹಾಸ ಅಂದ ಕೂಡಲೇ ನಮಗೆ ನೆನಪಾಗುವುದು ನ್ಯೂಟನ್ನನ ಸೇಬು, ಆರ್ಕಿಮಿಡೀಸನ ಸ್ನಾನದ ತೊಟ್ಟಿ. ಯಾರಿಗೋ ಒಂದು ದಿನ ಥಟ್ಟನೆ ಹೊಳೆಯಿತು, ಅಲ್ಲಿಗೆ ಕಥೆ ಮುಗಿಯಿತು. ಈ ಕಥೆಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಇವನ್ನು ಕೇಳುತ್ತಾ ಬೆಳೆದ ಹುಡುಗ ಹುಡುಗಿಯರು, ಹಾಗೆ ಹೊಳೆಯುವ ತಲೆ ನಮಗಿಲ್ಲ, ಇದು ನಮ್ಮ ಕೆಲಸವಲ್ಲ ಅಂತ ನಂಬಿಬಿಡುತ್ತಾರೆ. ಈಚೆಗೆ ಆರ್ಗಾನ್ ಅನಿಲ ಸಿಕ್ಕ ಬಗೆಯನ್ನು ವಿವರವಾಗಿ ಓದಿದೆ. ಅಲ್ಲಿ ಥಟ್ಟನೆ ಹೊಳೆದದ್ದು ಏನೂ ಇಲ್ಲ. ಒಂದು ತಕ್ಕಡಿ, ಒಂದು ಗಾಜಿನ ಬುರುಡೆ, ಏನು ಮಾಡಿದರೂ ತಾಳೆಯಾಗದ ಎರಡು ಸಂಖ್ಯೆಗಳು, ಅಷ್ಟೇ.

ಭೌತ ವಿಜ್ಞಾನಿ ಲಾರ್ಡ್ ರೇಲಿ ಇಂಗ್ಲೆಂಡಿನ ಟೆರ್ಲಿಂಗ್‌ನಲ್ಲಿ ಮನೆಯಲ್ಲೇ ಪ್ರಯೋಗಶಾಲೆ ಇಟ್ಟುಕೊಂಡಿದ್ದರು. ಆಕಾಶ ಯಾಕೆ ನೀಲಿ ಅಂತ ಲೆಕ್ಕ ಹಾಕಿ ತೋರಿಸಿದ್ದೂ ಇವರೇ. ಅನಿಲಗಳ ಸಾಂದ್ರತೆಯನ್ನು ಕರಾರುವಾಕ್ಕಾಗಿ ಅಳೆಯಬೇಕು ಅಂತ ಅವರು ವರ್ಷಗಟ್ಟಲೆ ಕೂತರು. ಹೈಡ್ರೋಜನ್, ಆಕ್ಸಿಜನ್ ಆದ ಮೇಲೆ ನೈಟ್ರೋಜನ್‌ಗೆ ಬಂದಾಗ ಪೇಚು ಶುರುವಾಯಿತು.

ನೈಟ್ರೋಜನ್ ತಯಾರಿಸಲು ಎರಡು ದಾರಿ ಹಿಡಿದರು. ಕೆಂಪಗೆ ಕಾದ ತಾಮ್ರದ ಮೇಲೆ ಗಾಳಿ ಹಾಯಿಸಿದರೆ ಆಕ್ಸಿಜನ್ನನ್ನು ತಾಮ್ರ ಹಿಡಿದುಕೊಳ್ಳುತ್ತದೆ, ನೈಟ್ರೋಜನ್ ಉಳಿಯುತ್ತದೆ. ಇದು ಒಂದು. ಗಾಳಿಗೆ ಅಮೋನಿಯಾ ಬೆರೆಸಿ ಅದೇ ತಾಮ್ರದ ಮೇಲೆ ಹಾಯಿಸಿದರೆ ಗಾಳಿಯ ಆಕ್ಸಿಜನ್ ಅಮೋನಿಯಾದ ಹೈಡ್ರೋಜನ್ ಜೊತೆ ಸೇರಿ ನೀರಾಗುತ್ತದೆ. ಆಗ ಉಳಿಯುವ ನೈಟ್ರೋಜನ್‌ನಲ್ಲಿ ಸುಮಾರು ಏಳನೇ ಒಂದು ಭಾಗ ಅಮೋನಿಯಾದಿಂದ ಬಂದದ್ದು. ಎರಡನ್ನೂ ತೂಗಿದಾಗ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಬಂತು. ಬೇರೆಯವರಾಗಿದ್ದರೆ ಸರಾಸರಿ ತೆಗೆದು ಮುಂದಿನ ಕೆಲಸಕ್ಕೆ ಹೋಗುತ್ತಿದ್ದರೇನೋ.

ರೇಲಿ ಆ ವ್ಯತ್ಯಾಸವನ್ನು ಇನ್ನೂ ದೊಡ್ಡದು ಮಾಡಲು ಹೊರಟರು! ಗಾಳಿಯ ಬದಲು ಶುದ್ಧ ಆಕ್ಸಿಜನ್ ಬಳಸಿದರು, ಅಂದರೆ ಈಗ ಸಿಗುವ ನೈಟ್ರೋಜನ್ ಪೂರ್ತಿ ಅಮೋನಿಯಾದ್ದೇ. ವ್ಯತ್ಯಾಸ ಒಮ್ಮೆಗೇ ಇನ್ನೂರಕ್ಕೆ ಒಂದಾಯಿತು. ಅವರ ಬುರುಡೆಯಲ್ಲಿ ಗಾಳಿಯಿಂದ ತೆಗೆದ ನೈಟ್ರೋಜನ್ ಸುಮಾರು 2.310 ಗ್ರಾಂ ತೂಗಿದರೆ, ರಾಸಾಯನಿಕಗಳಿಂದ ತಯಾರಿಸಿದ್ದು ಸುಮಾರು 2.299 ಗ್ರಾಂ. ನಡುವೆ 11 ಮಿಲಿಗ್ರಾಂ. ವ್ಯತ್ಯಾಸ ಇನ್ನೂ ಸಾವಿರಕ್ಕೆ ಒಂದಿದ್ದಾಗಲೇ, 1892ರಲ್ಲಿ, ಅವರು ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ನನಗೆ ಇದು ಅರ್ಥವಾಗುತ್ತಿಲ್ಲ, ರಸಾಯನ ವಿಜ್ಞಾನ ಬಲ್ಲವರು ಯಾರಾದರೂ ಕಾರಣ ತಿಳಿಸಿ ಅಂತ ಕೇಳಿಕೊಂಡರು. ಹೆಸರಾಂತ ವಿಜ್ಞಾನಿಯೊಬ್ಬರು ಎಲ್ಲರೆದುರು ಹೀಗೆ ಕೇಳಿದ್ದಾರಲ್ಲ, ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ನಮ್ಮ ಪ್ರಾಕ್ಟಿಕಲ್ ತರಗತಿಗಳಲ್ಲಿ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕು. 9.4 ಬಂದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಹೊಂದಿಸಿ, ಚೆಂದವಾಗಿ ರೆಕಾರ್ಡ್ ಬರೆದರೆ ಸಹಿ ಬೀಳುತ್ತದೆ. 9.4 ಯಾಕೆ ಬಂತು ಅಂತ ಕೇಳಿದವರಿಗೆ ಬೈಗುಳ. ಅದರಲ್ಲಿ ಹೊಸ ಧಾತು ಅಡಗಿರುತ್ತದೆ ಅಂತ ನಾನು ಹೇಳುತ್ತಿಲ್ಲ. ಬಹುಶಃ ದಾರವನ್ನು ಕೊಕ್ಕೆಯವರೆಗೆ ಮಾತ್ರ ಅಳೆದು, ಗುಂಡಿನ ನಡುವಿನವರೆಗಿನ ಉದ್ದ ಬಿಟ್ಟುಹೋಗಿರುತ್ತದೆ. ಆದರೆ ಅದನ್ನು ಪತ್ತೆ ಮಾಡುವುದೇ ಪ್ರಯೋಗ, ಅಲ್ವಾ? ಪುಸ್ತಕದಲ್ಲಿ ಆಗಲೇ ಇರುವ ಸಂಖ್ಯೆಯನ್ನು ಇನ್ನೊಮ್ಮೆ ಬರೆಯಲು ಲ್ಯಾಬ್ ಯಾಕೆ ಬೇಕು?

ಇರಲಿ, ಆ ಜಾಸ್ತಿ ತೂಕ ಬಂದದ್ದೆಲ್ಲಿಂದ? ಅಕ್ಕಿಗೆ ಅಕ್ಕಿಯಷ್ಟೇ ದಪ್ಪದ, ಅದೇ ಬಣ್ಣದ ಕಲ್ಲು ಬೆರೆಸಿದ್ದಾರೆ ಅಂದುಕೊಳ್ಳಿ. ಕಣ್ಣಿಗೆ ಕಾಣದು, ಕೈಗೆ ಸಿಗದು. ಆದರೆ ಅದೇ ಸೇರು ಶುದ್ಧ ಅಕ್ಕಿಗಿಂತ ಒಂದು ಚೂರು ಜಾಸ್ತಿ ತೂಗುತ್ತದೆ. ಗಾಳಿಯಿಂದ ತೆಗೆದ ‘ನೈಟ್ರೋಜನ್’ನಲ್ಲಿ ಪ್ರತಿ 85 ಕಣಗಳಿಗೆ ಒಂದು ಆರ್ಗಾನ್. ನೈಟ್ರೋಜನ್ ಅಣುವಿನ ತೂಕ 28, ಆರ್ಗಾನ್‌ನದು 40. ಹಾಗಾಗಿ ಸರಾಸರಿ 28ರಿಂದ 28.14ಕ್ಕೆ ಏರುತ್ತದೆ. ಇನ್ನೂರಕ್ಕೆ ಒಂದು! ಇದನ್ನು ಕಾಗದದ ಮೇಲೆ ನೀವೇ ಮಾಡಿ ನೋಡಿ, ರೇಲಿಯ ತಕ್ಕಡಿ ಎಷ್ಟು ಚೊಕ್ಕವಾಗಿತ್ತು ಅಂತ ಗೊತ್ತಾಗುತ್ತದೆ. ಆರ್ಗಾನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಯಾವುದರ ಜೊತೆಗೂ ಸುಲಭಕ್ಕೆ ಸೇರುವುದಿಲ್ಲ. ರಸಾಯನ ವಿಜ್ಞಾನಿಗಳು ವಸ್ತುಗಳನ್ನು ಗುರುತಿಸುತ್ತಿದ್ದದ್ದೇ ಅವು ಯಾವುದರ ಜೊತೆ ಸೇರುತ್ತವೆ ಅಂತ ನೋಡಿ. ತಕ್ಕಡಿಯೊಂದೇ ಅದನ್ನು ಹಿಡಿದುಕೊಟ್ಟಿತು.

ಇದಕ್ಕೂ ನೂರು ವರ್ಷ ಮೊದಲು, 1785ರಲ್ಲಿ, ಹೆನ್ರಿ ಕ್ಯಾವೆಂಡಿಶ್ ಇದರ ಹತ್ತಿರಕ್ಕೆ ಬಂದಿದ್ದರು. ಗಾಳಿಗೆ ಆಕ್ಸಿಜನ್ ಬೆರೆಸಿ, ಅದರೊಳಗೆ ವಿದ್ಯುತ್ ಕಿಡಿ ಹಾಯಿಸಿ ನೈಟ್ರೋಜನ್ನನ್ನು ಕರಗಿಸುತ್ತಾ ಹೋದರು. ಕೊನೆಗೆ ಒಂದು ಪುಟ್ಟ ಗುಳ್ಳೆ ಮಾತ್ರ ಕರಗದೆ ಉಳಿಯಿತು. ಅದು ನೈಟ್ರೋಜನ್‌ನ 120ನೇ ಒಂದು ಭಾಗಕ್ಕಿಂತ ಜಾಸ್ತಿಯಿಲ್ಲ ಅಂತ ಬರೆದಿಟ್ಟರು. ಅದು ಏನು ಅಂತ ತಿಳಿಯಲು, ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ಧಾತುವನ್ನು ಗುರುತಿಸುವ ರೋಹಿತದರ್ಶಕ ಬೇಕಿತ್ತು, ಆ ಕಾಲಕ್ಕೆ ಅದು ಇರಲಿಲ್ಲ. ಆದರೂ ಗುಳ್ಳೆಯನ್ನು ಬರೆದಿಟ್ಟದ್ದರಿಂದಲೇ ರೇಲಿ ಅದೇ ಪ್ರಯೋಗವನ್ನು ಮತ್ತೆ ಮಾಡಲು ಸಾಧ್ಯವಾಯಿತು. ಅತ್ತ ಲಂಡನ್ನಿನಲ್ಲಿ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೇ ಗಾಳಿಯಿಂದ ತೆಗೆದ ನೈಟ್ರೋಜನ್ನನ್ನು, ಅದನ್ನು ಹೀರಿಕೊಳ್ಳುವ ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಪ್ರತಿ ಸಲವೂ ಉಳಿದ ಅನಿಲದ ಸಾಂದ್ರತೆ ಏರುತ್ತಾ ಹೋಯಿತು, ಹೈಡ್ರೋಜನ್‌ನ 14 ಪಟ್ಟು ಇದ್ದದ್ದು 20 ಪಟ್ಟಿನ ಹತ್ತಿರ ನಿಂತಿತು. 1894ರ ಆಗಸ್ಟ್‌ನಲ್ಲಿ ಇಬ್ಬರೂ ಸೇರಿ ಹೊಸ ಅನಿಲವನ್ನು ಸಾರಿದರು. ಇದು ಮೂರು ಪರಮಾಣುಗಳ ನೈಟ್ರೋಜನ್ ಇರಬಹುದು ಅಂದವರಲ್ಲಿ ಆವರ್ತ ಕೋಷ್ಟಕದ ಮೆಂಡಲೀವ್ ಕೂಡ ಒಬ್ಬರು.

ಇಲ್ಲಿಂದ ಕಥೆಯ ಒಂದು ಎಳೆ ನಮ್ಮ ಜಮಖಂಡಿಗೆ ಬರುತ್ತದೆ. 1868ರ ಆಗಸ್ಟ್ 18ರ ಸೂರ್ಯಗ್ರಹಣದ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಹೀಲಿಯಂ ಕಂಡುಹಿಡಿದರು ಅಂತ ಎಲ್ಲೆಲ್ಲೂ ಓದುತ್ತೇವೆ. ಅದು ಹಾಗಲ್ಲ. ಜಾನ್ಸೆನ್ ಕಂಡುಕೊಂಡದ್ದು ಸೂರ್ಯನ ಜ್ವಾಲೆಗಳನ್ನು ಗ್ರಹಣವಿಲ್ಲದೆಯೂ ನೋಡುವ ಉಪಾಯವನ್ನು. ಅದೇ ದಿನ ಜಮಖಂಡಿಯಲ್ಲಿ, ಮೋಡಗಳ ನಡುವೆ ಸಿಕ್ಕ ಅಷ್ಟಿಷ್ಟು ಹೊತ್ತಿನಲ್ಲಿ, ಲೆಫ್ಟಿನೆಂಟ್ ಜಾನ್ ಹರ್ಷೆಲ್ ಕೂಡ ರೋಹಿತದರ್ಶಕದಲ್ಲಿ ಜ್ವಾಲೆಯ ಬೆಳಕಿನ ಗೆರೆಗಳನ್ನು ಕಂಡರು. ಅವುಗಳಲ್ಲಿ ಕಿತ್ತಳೆ ಬಣ್ಣದ್ದನ್ನು ಸೋಡಿಯಂನ ಗೆರೆ ಅಂತಲೇ ತಿಳಿದರು. ಆ ಗೆರೆಗೂ ಸೋಡಿಯಂ ಗೆರೆಗಳಿಗೂ ಇರುವ ಅಂತರ ಒಂದೆರಡು ನ್ಯಾನೋಮೀಟರ್‌ನಷ್ಟೇ. ಅದು ಸೋಡಿಯಂ ಗೆರೆಯ ಮೇಲೆ ಕೂರುವುದಿಲ್ಲ, ಪಕ್ಕಕ್ಕಿದೆ ಅಂತ ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಗಮನಿಸಿದವರು ಖಗೋಳ ವಿಜ್ಞಾನಿ ಲಾಕ್ಯರ್.

1895ರಲ್ಲಿ ರ‍್ಯಾಮ್ಸೇ ಆರ್ಗಾನ್ ಹುಡುಕುತ್ತಾ ಯುರೇನಿಯಂ ಇರುವ ಒಂದು ಖನಿಜವನ್ನು ಆಮ್ಲದಲ್ಲಿ ಕಾಯಿಸಿದರು. ಅಮೆರಿಕದ ಹಿಲೆಬ್ರಾಂಡ್ ಇಂಥದೇ ಖನಿಜದಿಂದ ಅನಿಲ ಹೊರಡಿಸಿ, ಅದು ನೈಟ್ರೋಜನ್ ಅಂತ ವರದಿ ಮಾಡಿಯಾಗಿತ್ತು. ರ‍್ಯಾಮ್ಸೇ ಅದರ ಬೆಳಕನ್ನು ನೋಡಿದಾಗ ಹಳದಿ ಗೆರೆಯೊಂದು ಕಂಡಿತು, ಸೋಡಿಯಂ ಗೆರೆಗೆ ತೀರಾ ಹತ್ತಿರ, ಆದರೆ ಅದರ ಮೇಲಲ್ಲ. ಅನಿಲವನ್ನು ವಿಲಿಯಂ ಕ್ರೂಕ್ಸ್‌ಗೆ ಕಳಿಸಿದರು. ಕ್ರೂಕ್ಸ್ ಗೆರೆಯನ್ನು ಅಳೆದು, ಇದು ಸೂರ್ಯನಲ್ಲಿ ಕಂಡ ಆ ಗೆರೆಯೇ, ಅಂದರೆ ಹೀಲಿಯಂನದೇ, ಅಂತ ತಿಳಿಸಿದರು.