ಕಾರಿನ ಟೈರಿಗೆ ಎಷ್ಟು ಗಾಳಿ ಬೇಕು: ತಣ್ಣಗಿನ ಒತ್ತಡದ ಲೆಕ್ಕ

ಕಾರಿನ ಭಾರವನ್ನು ಹೊರುವುದು ಟೈರಿನ ರಬ್ಬರಿಗಿಂತ ಹೆಚ್ಚಾಗಿ ಅದರೊಳಗೆ ಒತ್ತಿ ತುಂಬಿರುವ ಗಾಳಿ. ಆ ಗಾಳಿಯ ಒತ್ತಡ ಎಷ್ಟಿರಬೇಕೆಂಬುದನ್ನು ಕಾರು ತಯಾರಿಸಿದವರೇ ವಾಹನದ ತೂಕ, ವೇಗ ಮತ್ತು ಟೈರಿನ ಅಳತೆಯನ್ನು ಗಣನೆಗೆ ತೆಗೆದುಕೊಂಡು ನಿಗದಿಪಡಿಸಿ, ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ ಅಥವಾ ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಟೈರಿನ ಪಕ್ಕದ ಮೈಮೇಲೆ ಅಚ್ಚಾಗಿರುವ 44 ಅಥವಾ 51 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಎಂಬಂಥ ಸಂಖ್ಯೆ ಇದಲ್ಲ. ಅದು ಆ ಟೈರ್ ತಾಳಿಕೊಳ್ಳಬಲ್ಲ ಗರಿಷ್ಠ ಮಿತಿ ಮಾತ್ರ. ಒಂದೇ ಅಳತೆಯ ಟೈರನ್ನು ಬೇರೆ ಬೇರೆ ತೂಕದ ಕಾರುಗಳಿಗೆ ಹಾಕಬಹುದಾದ್ದರಿಂದ, ನಮ್ಮ ಕಾರಿಗೆ ಬೇಕಾದ ಒತ್ತಡವನ್ನು ಟೈರ್ ನೋಡಿ ತಿಳಿಯುವುದು ಸಾಧ್ಯವಿಲ್ಲ.

ಉದಾಹರಣೆಗೆ ಚೀಟಿಯಲ್ಲಿ 33 ಪಿಎಸ್‌ಐ ಎಂದಿದೆ ಎಂದುಕೊಳ್ಳೋಣ. ಇದೇ ಒತ್ತಡವನ್ನು ಬೇರೆ ಮಾನಗಳಲ್ಲಿ 230 ಕೆಪಿಎ (ಕಿಲೋಪ್ಯಾಸ್ಕಲ್) ಅಥವಾ 2.3 ಬಾರ್ ಎಂದೂ ಬರೆದಿರುತ್ತಾರೆ. ಈ ಸಂಖ್ಯೆ ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು, ಅಂದರೆ ಕನಿಷ್ಠ ಮೂರು ಗಂಟೆ ನಿಂತಿರುವ, ಇಲ್ಲವೇ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರದ ಕಾರಿಗೆ. ಈ ಟಿಪ್ಪಣಿಯ ಮುಖ್ಯ ವಿಷಯವೇ ಇದು. ಟೈರ್ ಯಾವ ಸ್ಥಿತಿಯಲ್ಲಿದ್ದಾಗ ಅಳೆದದ್ದು ಎಂಬುದು ಗೊತ್ತಿಲ್ಲದಿದ್ದರೆ ಗೇಜ್ ತೋರಿಸುವ ಸಂಖ್ಯೆಗೆ ಅರ್ಥವಿಲ್ಲ.

ಕಾರಣ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ಕೆಲ್ವಿನ್ ಮಾಪನದ (ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದ) ಉಷ್ಣತೆಗೆ ಅನುಪಾತದಲ್ಲಿರುತ್ತದೆ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ: ಗೇಜ್ ತೋರಿಸುವುದು ಒಟ್ಟು ಒತ್ತಡವನ್ನಲ್ಲ, ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು. ಆದ್ದರಿಂದ ಲೆಕ್ಕಕ್ಕೆ ಮುನ್ನ ಆ ಒತ್ತಡವನ್ನು ಕೂಡಿಸಿಕೊಂಡು, ಕೊನೆಯಲ್ಲಿ ಕಳೆಯಬೇಕು. ಕಲಬುರಗಿಯಲ್ಲಿ ಮೇ ತಿಂಗಳ ಒಂದು ಬೆಳಿಗ್ಗೆ, 30 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಸರಿಯಾಗಿ 33 ತುಂಬಿಸಿದೆವು ಎನ್ನೋಣ. ಆ ಊರಿನ ಎತ್ತರದಲ್ಲಿ ವಾಯುಮಂಡಲದ ಒತ್ತಡ ಸುಮಾರು 14 ಪಿಎಸ್‌ಐ ಆದ್ದರಿಂದ ಒಟ್ಟು 47. ಡಿಸೆಂಬರಿನ ಬೆಳಿಗ್ಗೆ ಉಷ್ಣತೆ 15 ಡಿಗ್ರಿಗೆ ಇಳಿದರೆ 47ನ್ನು 288ರಿಂದ ಗುಣಿಸಿ 303ರಿಂದ ಭಾಗಿಸಬೇಕು; ಸುಮಾರು 44.7 ಬರುತ್ತದೆ. 14 ಕಳೆದರೆ ಗೇಜಿನಲ್ಲಿ 30.7. ಒಂದು ಗುಳ್ಳೆ ಗಾಳಿಯೂ ಸೋರದೆ ಎರಡು ಪಿಎಸ್‌ಐಗೂ ಹೆಚ್ಚು ಇಳಿದಂತಾಯಿತು. ಹತ್ತು ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ ಎಂದು ನೆನಪಿಟ್ಟುಕೊಂಡರೆ ದಿನಬಳಕೆಗೆ ಸಾಕು.

ಮಂಗಳೂರಿನಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಹೋದಾಗ ಎರಡು ಪರಿಣಾಮಗಳು ಎದುರುಬದುರಾಗುತ್ತವೆ: ಹೊರಗಿನ ಒತ್ತಡ ಕಡಿಮೆಯಾಗುವುದರಿಂದ ಗೇಜಿನ ಸಂಖ್ಯೆ ಎರಡರಷ್ಟು ಏರಬೇಕು, ತಂಪಿನಿಂದಾಗಿ ಅದರಲ್ಲಿ ಒಂದಷ್ಟು ಇಳಿಯಬೇಕು. ಆದ್ದರಿಂದ ಒಂದೆರಡು ದಿನದ ಪ್ರವಾಸಕ್ಕೆ ಗಾಳಿ ಬದಲಾಯಿಸುವ ಅಗತ್ಯ ಬೀಳುವುದಿಲ್ಲ.

ಕಾರು ಓಡಿದಾಗ ಟೈರ್ ತಾನಾಗಿಯೇ ಬಿಸಿಯಾಗಿ, ಹೆದ್ದಾರಿಯಲ್ಲಿ ಒತ್ತಡ ನಾಲ್ಕೈದು ಪಿಎಸ್‌ಐ ಏರುವುದು ಸಹಜ. ಆಗ ಬಂಕಿನಲ್ಲಿ ನಿಲ್ಲಿಸಿ, 37 ಇದೆಯೆಂದು ಗಾಬರಿಯಾಗಿ 33ಕ್ಕೆ ಇಳಿಸಿದರೆ, ಮರುದಿನ ಬೆಳಿಗ್ಗೆ ಅದೇ ಟೈರಿನಲ್ಲಿ 29 ಇರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಲೇಬಾರದು. ಬಂಕ್ ದೂರವಿದ್ದರೆ ನಾನು ಸೂಚಿಸುವ ಕ್ರಮ ಹೀಗಿದೆ: ಮನೆಯಲ್ಲೇ ಬೆಳಿಗ್ಗೆ ಸ್ವಂತ ಗೇಜಿನಿಂದ ಅಳೆದು, ಪ್ರತಿ ಟೈರಿನಲ್ಲಿ ಎಷ್ಟು ಕೊರತೆಯಿದೆ ಎಂದು ಬರೆದಿಟ್ಟುಕೊಳ್ಳಬೇಕು. ಮನೆಯಲ್ಲಿ 29 ಇದ್ದರೆ ಕೊರತೆ ನಾಲ್ಕು. ಬಂಕ್ ತಲುಪಿದಾಗ ಅದೇ ಟೈರ್ 31 ತೋರಿಸಿದರೆ, ಅದಕ್ಕೆ ನಾಲ್ಕು ಸೇರಿಸಿ 35ಕ್ಕೆ ತುಂಬಿಸಬೇಕು, 33ಕ್ಕಲ್ಲ. ಪುಟ್ಟ ಗೇಜ್ ಒಂದನ್ನು ಕಾರಿನಲ್ಲೇ ಇಟ್ಟುಕೊಳ್ಳುವುದು ಇದಕ್ಕಾಗಿಯೇ ಮುಖ್ಯ.

ಕಡಿಮೆ ಗಾಳಿ ಏಕೆ ಅಪಾಯಕಾರಿ ಎಂಬುದನ್ನು ಸಂಖ್ಯೆಯಲ್ಲಿಟ್ಟು ನೋಡುವುದು ಒಳ್ಳೆಯದು. 185/65 ಆರ್15 ಅಳತೆಯ ಟೈರಿನ ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ 850 ಬಾರಿ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಟೈರಿನ ಪಕ್ಕ ನೆಲದ ಬಳಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಲು ಖರ್ಚಾದ ಶಕ್ತಿಯನ್ನು ರಬ್ಬರ್ ಪೂರ್ತಿ ಹಿಂತಿರುಗಿಸದೆ ಸ್ವಲ್ಪ ಭಾಗವನ್ನು ಶಾಖವಾಗಿ ಉಳಿಸಿಕೊಳ್ಳುತ್ತದೆ. ಗಾಳಿ ಕಡಿಮೆಯಾದಷ್ಟೂ ಬಾಗುವಿಕೆ ಹೆಚ್ಚು, ಶಾಖ ಹೆಚ್ಚು, ಇಂಧನದ ಖರ್ಚೂ ಹೆಚ್ಚು. ಕೊನೆಗೆ ಒಳಗಿನ ಪದರಗಳು ಬಿಟ್ಟುಕೊಂಡು ಟೈರ್ ಸಿಡಿಯಬಹುದು. ಅಮೆರಿಕದಲ್ಲಿ 2000ದಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂಪಡೆದ ಪ್ರಕರಣದಲ್ಲಿ, ಫೋರ್ಡ್ ಎಕ್ಸ್‌ಪ್ಲೋರರ್ ವಾಹನಕ್ಕೆ ಸೂಚಿಸಿದ್ದ 26 ಪಿಎಸ್‌ಐ ಸಾಕೇ ಎಂಬುದು ಎರಡೂ ಕಂಪನಿಗಳ ನಡುವಿನ ವಾದದ ವಿಷಯವಾಗಿತ್ತು. ಅದೇ ವರ್ಷ ಬಂದ ಕಾನೂನಿನಿಂದಾಗಿಯೇ ಅಲ್ಲಿನ ಹೊಸ ಕಾರುಗಳಲ್ಲಿ ಗಾಳಿ ಕಡಿಮೆಯಾದರೆ ದೀಪ ಹೊತ್ತಿಸುವ ವ್ಯವಸ್ಥೆ ಕಡ್ಡಾಯವಾಯಿತು. ಆದರೆ ಆ ನಿಯಮದಂತೆ ದೀಪ ಹೊತ್ತಲೇಬೇಕಾದದ್ದು ಸೂಚಿತ ಒತ್ತಡಕ್ಕಿಂತ ಶೇಕಡಾ 25ರಷ್ಟು ಇಳಿದಾಗ, ಅಂದರೆ 33 ಇರಬೇಕಾದಲ್ಲಿ 25ರ ಹತ್ತಿರ ಬಂದಾಗ. ಆದ್ದರಿಂದ ದೀಪ ಹೊತ್ತಿಲ್ಲವೆಂದು ತಿಂಗಳಿಗೊಮ್ಮೆಯ ತಪಾಸಣೆಯನ್ನು ಬಿಡುವಂತಿಲ್ಲ.

ಹೆಚ್ಚು ಗಾಳಿಯಾದರೆ ಟೈರ್ ನೆಲಕ್ಕೆ ತಾಗುವ ಜಾಗ ಕುಗ್ಗಿ ಹಿಡಿತ ತಗ್ಗುತ್ತದೆ, ಗುಂಡಿಗಳ ಪೆಟ್ಟು ನೇರವಾಗಿ ರಿಮ್‌ಗೆ ಬೀಳುತ್ತದೆ. ಸವೆತವನ್ನು ನೋಡಿಯೂ ಇದನ್ನು ಗುರುತಿಸಬಹುದು: ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಂದೇ ಅಂಚು ಸವೆದಿದ್ದರೆ ಸಾಮಾನ್ಯವಾಗಿ ಅದು ಚಕ್ರಗಳ ಕೋನ ತಪ್ಪಿರುವ, ಅಂದರೆ ಅಲೈನ್‌ಮೆಂಟ್ ದೋಷ.

ನೈಟ್ರೋಜನ್ ತುಂಬಿಸಿದರೆ ಮೇಲಿನ ಲೆಕ್ಕ ಬದಲಾಗುವುದಿಲ್ಲ. ಸಾಮಾನ್ಯ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಅದು ತುಸು ನಿಧಾನವಾಗಿ ಸೋರುತ್ತದೆ, ಅದರಲ್ಲಿ ತೇವ ಇರುವುದಿಲ್ಲ, ಅಷ್ಟೆ.

ಚೀಟಿಯಲ್ಲಿ ಪೂರ್ಣ ಭಾರಕ್ಕೆ ಪ್ರತ್ಯೇಕ ಸಾಲಿದ್ದರೆ, ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನಿನೊಡನೆ ಹೊರಡುವ ಮುನ್ನ ಅದನ್ನೇ ಅನುಸರಿಸಬೇಕು. ಹೆಚ್ಚಳ ಸಾಮಾನ್ಯವಾಗಿ ಹಿಂದಿನ ಟೈರುಗಳಿಗೆ ಹೆಚ್ಚಿರುತ್ತದೆ. ಅದೇ ಹೊತ್ತಿಗೆ ಸ್ಟೆಪ್ನಿಯನ್ನೂ ಅಳೆಯಬೇಕು. ತಾತ್ಕಾಲಿಕ ಬಳಕೆಯ ಕಿರಿದಾದ ಸ್ಟೆಪ್ನಿಯಾದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕಾಗುತ್ತದೆ.